ಜೋಡಿ ಮೊಲ

ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಾಗಲೇ ಕೊಟ್ರವ್ವ ಅದನ್ನು ಕಂಡದ್ದು. ತಾನೇ ಮಾಡಿದ ಮಣ್ಣಿನ ಮೊಲದ ಹೆಗಲ ಮೇಲೆ ಡುಬ್ಬ ಎದ್ದು ನಿಂತಿತ್ತು. ಎತ್ತಿಗಿರುವಂಥದೇ ಡುಬ್ಬ.

ಏನು ಮಾಡಿಯಾಳು? ಹರಿಹರಕ್ಕೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ಮಣ್ಣೆತ್ತಿನ ಅಮಾವಾಸ್ಯೆಗೂ ಓಣಿಯ ಮನೆಮನೆಗೆ ಹೊಳೆದಂಡೆಯ ಮಣ್ಣಿನಲ್ಲಿ ಎತ್ತು ಮಾಡಿಕೊಟ್ಟ ಕೈ ಅದು. ನಾಲ್ಕು ಕಾಲು ನಿಲ್ಲಿಸಿದರೆ ಸಾಕು, ಡುಬ್ಬ ತಾನಾಗಿ ಹಿಸುಕಿಬಿಡುತ್ತದೆ. ಕಿವಿಯನ್ನು ನೆನಪಿಟ್ಟು ಉದ್ದ ಎಳೆದಿದ್ದಳು ನಿಜ. ಉದ್ದಗಿದ್ದದ್ದನ್ನು ಕಂಡು ಕೈ ಅದನ್ನು ಕೊಂಬೆಂದುಕೊಂಡಿತೋ ಏನೋ, ತುದಿಗೆ ಕೆಮ್ಮಣ್ಣು ಬಳಿದು ಗೊಂಡೆಯನ್ನೂ ಕಟ್ಟಿತ್ತು. ಮೈಗೆಲ್ಲ ಅಂಟಿಸಿದ ಹತ್ತಿ, ಗುಲಗಂಜಿಯ ಕಣ್ಣು, ಕಸಬರಿಗೆ ಕಡ್ಡಿಯ ಮೀಸೆ, ಇಷ್ಟು ಮಾತ್ರ ಮೊಲದ್ದು.

ರೈಲ್ವೆ ಗಾರ್ಡ್ ಸಾಹೇಬರ ಮನೆಗೆ ಅವಳು ದಿನಾ ಮಜ್ಜಿಗೆ ಹಾಕುವವಳು. ಅವರು ಹುಬ್ಬಳ್ಳಿಯ ರೈಲ್ವೆ ಕಾಲೊನಿಯಿಂದ ವರ್ಗವಾಗಿ ಬಂದವರು. ಅಲ್ಲಿ ಈಸ್ಟರ್ ಹಬ್ಬಕ್ಕೆ ಮೊಲ ಬಣ್ಣದ ಮೊಟ್ಟೆ ತರುತ್ತಿತ್ತಂತೆ. ಈ ಊರಿಗೆ ಮೊಲ ಬರುವುದಿಲ್ಲ, ನಾನು ವಾಪಸ್ ಹೋಗುತ್ತೇನೆ ಎಂದು ಮಗಳು ಐರಿಸ್ ಟ್ರಂಕಿಗೆ ಫ್ರಾಕು ತುಂಬಿಕೊಂಡು ಬಾಗಿಲಲ್ಲಿ ಕೂತಿದ್ದನ್ನು ನೋಡಲಾರದೆ, "ಅಳಬ್ಯಾಡ ಕೂಸೆ, ಮೊಲ ನಾ ತರ್ತೀನಿ" ಎಂದು ಕೊಟ್ರವ್ವ ಮಾತು ಕೊಟ್ಟಿದ್ದಳು. ಹುಡುಗಿಯ ತಾಯಿ ಡೋರಾಗೆ ಮಾತ್ರ ಒಂದು ಮಾತು ಮೊದಲೇ ಬಿಡಿಸಿ ಹೇಳಿದ್ದಳು: "ತತ್ತಿ ನಮ್ಮನ್ಯಾಗೆ ಮುಟ್ಟಂಗಿಲ್ರಿ ಅಮ್ಮಾರೆ. ತತ್ತಿ ನಿಮ್ದು, ಮಣ್ಣು ನಂದು."

ಹಬ್ಬ ನಾಳೆ. ವರಾಂಡದ ಮೇಜಿನ ಮೇಲೆ ಈರುಳ್ಳಿ ಸಿಪ್ಪೆ, ಅರಿಸಿನ ಹಾಕಿ ಬೇಯಿಸಿದ ಮೊಟ್ಟೆಗಳು ಒಣಗುತ್ತಿದ್ದವು. ಒಂದಕ್ಕೆ ಅಂಗಿಗುಂಡಿಯ ಕಣ್ಣು, ಒಂದಕ್ಕೆ ಬಣ್ಣದ ಕಾಗದದ ಟೋಪಿ, ಇನ್ನೊಂದಕ್ಕೆ ಥೇಟ್ ಗಾರ್ಡ್ ಸಾಹೇಬರ ಮೀಸೆ. ಗೇಟಿನಾಚೆ ಎತ್ತಿನ ಗಾಡಿ ನಿಲ್ಲಿಸಿಕೊಂಡ ಗಂಡ ಲಿಂಗಣ್ಣ, ಮಂಡಿಪೇಟೆಗೆ ಹೊತ್ತಾಯಿತೆಂದು ಆಗಲೇ ಗೊಣಗುತ್ತಿದ್ದ. ಕೊಟ್ರವ್ವ ದೇವರ ಮೇಲೆ ಭಾರ ಹಾಕಿ ಮೊಲವನ್ನು ಮೇಜಿನ ಮೇಲಿಟ್ಟಳು.

ಡೋರಾ ತುಟಿ ಕಚ್ಚಿಕೊಂಡಳು. ಐರಿಸ್ ಮೇಜಿನ ಸುತ್ತ ಬಂದು ಬಗ್ಗಿ ನೋಡಿದಳು.

"ಇದು ಮೊಲಾನಾ?"

"ಮೊಲಾನೇ ಕೂಸೆ. ಬೆನ್ನಿಗೆ ಒಂದೀಟು ಮಣ್ಣು ಹೆಚ್ಚಾಗೈತೆ. ತಡಿ, ಕಿತ್ತು ಹಾಕ್ತೀನಿ." ಕೊಟ್ರವ್ವ ಹೆಬ್ಬೆರಳು ಚಾಚಿದಳು.

"ಬ್ಯಾಡ!" ಹುಡುಗಿ ಎರಡೂ ಕೈ ಅಡ್ಡ ಹಿಡಿದಳು. "ಇದರ ಜೋಡಿ ಎಲ್ಲಿ?"

"ಜೋಡಿ?"

ಐರಿಸ್ ಗೇಟಿನತ್ತ ಬೆರಳು ಮಾಡಿದಳು. "ಲಿಂಗಣ್ಣನ ಗಾಡಿಗೆ ಎರಡು ಐತಲ್ಲ! ಒಂದೇ ಮೊಲ ಗಾಡಿ ಹೆಂಗೆ ಎಳೀತದೆ?"

ಡೋರಾಳ ನಗು ಕಟ್ಟೆಯೊಡೆಯಿತು. "ಕೇಳಿದ್ಯಾ ಕೊಟ್ರವ್ವ? ಹುಬ್ಬಳ್ಳಿ ಮೊಲ ಬುಟ್ಟಿ ಹೊತ್ಕೊಂಡು ಬರ್ತಿತ್ತು. ನಿಮ್ಮೂರಿನದು ಗಾಡಿ ಹೂಡ್ಕೊಂಡೇ ಬರೋದಂತೆ!"

ಆಮೇಲೆ ಕೇಳಬೇಕೆ. ಬುಟ್ಟಿಯ ತಳದಲ್ಲಿ ಉಳಿದಿದ್ದ ಮಣ್ಣಿನಲ್ಲಿ ಕೊಟ್ರವ್ವ ಇನ್ನೊಂದು ಮೊಲ ಎಬ್ಬಿಸಿದಳು. ಈ ಸಲ ಡುಬ್ಬವನ್ನು ಬೇಕೆಂದೇ ತುಸು ಎತ್ತರ ಮಾಡಿದಳು. ಸೋಪಿನ ರಟ್ಟಿನ ಪೆಟ್ಟಿಗೆ ಗಾಡಿಯಾಯಿತು. ಖಾಲಿ ದಾರದ ರೀಲುಗಳು ಗಾಲಿ, ಡೋರಾಳ ಹೆಣಿಗೆ ಕಡ್ಡಿ ಅಚ್ಚು, ಸಾಹೇಬರ ಪೆನ್ಸಿಲ್ಲು ನೊಗದವರೆಗೆ ಚಾಚಿದ ಮೂಕಿ, ಹಲ್ಲು ಮುರಿದ ಬಾಚಣಿಗೆ ನೊಗ. ಹಗ್ಗಕ್ಕೆ ರಿಬ್ಬನ್ ಬೇಕೆಂದು ಐರಿಸ್ ಒಳಗೋಡಿ, ಟ್ರಂಕಿನಲ್ಲಿದ್ದ ಫ್ರಾಕುಗಳನ್ನೆಲ್ಲ ಎಳೆದು ನೆಲಕ್ಕೆ ಚೆಲ್ಲಿ, ತಳದಿಂದ ಒಂದು ಕೆಂಪು ರಿಬ್ಬನ್ ಹಿಡಿದು ಬಂದು ಎರಡೂ ಮೊಲಗಳನ್ನು ನೊಗಕ್ಕೆ ಕಟ್ಟಿದಳು.

"ಹೇರ್ಲಾ?" ಎಂದವಳೇ ಮೊಟ್ಟೆಗಳನ್ನೆಲ್ಲ ಗಾಡಿಯ ಹಿಂಬದಿಗೇ ಪೇರಿಸಿದಳು. ನೊಗ ಮೇಲಕ್ಕೆದ್ದಿತು. ಹಸಿ ಮೊಲದ ಮುಂಗಾಲು ಮೇಜು ಬಿಟ್ಟಿತು. ಇನ್ನೇನು ಗಾಡಿ ಹಿಂದಕ್ಕೆ ಮಗುಚಬೇಕು.

"ಏಯ್ ಏಯ್, ಹಿಂದ್‌ಭಾರ!" ಕೊಟ್ರವ್ವನ ಕೈ ನುಗ್ಗಿತು. ಮೀಸೆಯ ಮೊಟ್ಟೆಯನ್ನು ಹಿಡಿದು ಮುಂದಕ್ಕೆ ಕೂಡಿಸಿತು, ಟೋಪಿಯದನ್ನು ಅದರ ಮಗ್ಗುಲಿಗೆ ಒತ್ತಿತು. ನೊಗ ಮೆಲ್ಲಗೆ ಇಳಿದು ಎರಡು ಡುಬ್ಬಗಳಿಗೂ ಆತು ನಿಂತಿತು.

ಗೇಟಿನ ಹತ್ತಿರ ಲಿಂಗಣ್ಣ ಬಾಯಿಂದ ಬೀಡಿ ತೆಗೆದ. "ಯಾಕ, ತತ್ತಿ ಮುಟ್ಟಂಗಿಲ್ಲ ಅಂದಿದ್ದೆಲ್ಲೇ?"

ಕೊಟ್ರವ್ವ ಬೆರಳು ನೋಡಿಕೊಂಡಳು. ಒರೆಸಿಕೊಳ್ಳಲು ಹಿಡಿದ ಸೆರಗನ್ನು ಹಾಗೇ ಕೈಬಿಟ್ಟಳು.

"ತತ್ತಿ ಯಾರು ಮುಟ್ಟಿದ್ರು? ನಾ ಹೇರು ಸರಿ ಮಾಡ್ದೆ."