ಹಳೇ ಡ್ರೈವರ್

ರಸ್ತೆ ಸುರಕ್ಷತಾ ಸಪ್ತಾಹದ ವೇದಿಕೆಯಲ್ಲಿ ಮೈಕು ಕೈಗೆ ಸಿಕ್ಕಿದ್ದೇ ತಡ, ರೈಸ್‌ಮಿಲ್ಲಿನ ನಾಗಭೂಷಣರಿಗೆ ಆವೇಶ ಬಂದಿತು.

“ಕುಡಿದು ಕಾರು ಓಡಿಸಿ ಜೀವ ತೆಗೆದವನಿಗೆ ಎರಡೇ ವರ್ಷ ಜೈಲಾ? ಹತ್ತು ವರ್ಷ ಕೊಳೀಬೇಕು. ಅಲ್ಲಿ ನೋಡಿ, ನನ್ನ ಹಳೇ ಡ್ರೈವರ್ ಕೆಂಚಣ್ಣ. ಅದೇ ಪಾಪಕ್ಕೆ ಜೈಲು ಕಂಡು ಬಂದ. ಆದ್ರೂ ಮನುಷ್ಯತ್ವ ಅಂತ ಒಂದಿದೆಯಲ್ಲ, ಅಡುಗೆಮನೇಲಿ ಕೆಲಸ ಕೊಟ್ಟಿದ್ದೀನಿ.”

ಬಾಗಿಲ ಬಳಿ ನಿಂತಿದ್ದ ಕೆಂಚಣ್ಣ ಕೈಮುಗಿದ. ಮುಂದಿನ ಸಾಲಿನಲ್ಲಿದ್ದ ನಾಗಭೂಷಣರ ಮಗನೇ ಮೊದಲು ಚಪ್ಪಾಳೆ ತಟ್ಟಿದ. ಇನ್‌ಸ್ಪೆಕ್ಟರು ಯಜಮಾನರಿಗೆ ಶಾಲು ಹೊದಿಸಿದರು. ದೇವರಿಗೂ ತನಗೂ ಒಂದೇ ಮೆಟ್ಟಿಲ ಅಂತರ ಎಂದುಕೊಳ್ಳುತ್ತ ನಾಗಭೂಷಣರು ಹೊರಬಂದರೆ, ಅವರ ಕಾರೇ ಗೇಟಿಗೆ ಅಡ್ಡ ನಿಂತಿತ್ತು.

ಇನ್‌ಸ್ಪೆಕ್ಟರು ಕೆಂಚಣ್ಣನ ಹೆಗಲು ತಟ್ಟಿದರು. “ಕೀ ಅದರಲ್ಲೇ ಇದೆ, ಸ್ವಲ್ಪ ಹಿಂದಕ್ಕೆ ತೆಗೆಯಪ್ಪ. ಇವತ್ತು ಕುಡಿದಿಲ್ಲ ತಾನೇ?”

“ಕುಡಿಯೋದೂ ಗೊತ್ತಿಲ್ಲ, ಕಾರು ಬಿಡೋದೂ ಗೊತ್ತಿಲ್ಲ ಸಾರ್. ಚಿಕ್ಕೆಜಮಾನ್ರನ್ನ ಕರೀಲಾ?”