ಅಳುವ ಲೈಸೆನ್ಸು

ಕೂಸುಗಳ ಕೇಕೆ, ಅಳು ಎಲ್ಲವನ್ನೂ ಮಾತಿಗಿಳಿಸುವ ಯಂತ್ರ ಬಂದ ಮೇಲೆ, ಧಾರಾವಾಹಿಯಲ್ಲಿ ನಟಿಸುವ ಹಸುಗೂಸಿಗೂ ಲೈಸೆನ್ಸ್ ಕಚೇರಿಯ ಸಂದರ್ಶನ ತಪ್ಪಿದ್ದಲ್ಲ. ಪಂಕಜ ಏಳು ತಿಂಗಳ ಮಗ ತನ್ಮಯನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆವರುತ್ತಿದ್ದಳು.

“ಹೊತ್ತೊತ್ತಿಗೆ ಹಾಲು ಕೊಡ್ತಾರಾ ಪುಟ್ಟಾ?” ಅಧಿಕಾರಿ ಕೇಳಿದರು.

ತನ್ಮಯ ಗೂ ಗೂ ಎಂದ. “ಕೊಡ್ತಾರೆ ಸಾರ್. ಆ ಮೇಕಪ್ಪೇ ತುಂಬಾ ಕೆರೆಯುತ್ತೆ,” ಎಂದಿತು ಯಂತ್ರ.

“ಅಳೋ ಸೀನಲ್ಲಿ ಅಷ್ಟು ಚೆನ್ನಾಗಿ ಅಳ್ತೀಯಲ್ಲಪ್ಪಾ, ಅದು ಹೇಗೆ?”

ಮಗ ಬಾಯಿಬಿಡುವ ಮೊದಲೇ ಪಂಕಜ ಸೆರಗಿನ ಮರೆಯಲ್ಲಿ ಅವನ ತೊಡೆ ಚಿವುಟಿದಳು. ಅಳುವ ಮಗುವನ್ನು ಯಾರು ತಾನೇ ಪ್ರಶ್ನೆ ಕೇಳುತ್ತಾರೆ! ತನ್ಮಯ ಸೂರು ಹಾರಿಹೋಗುವಂತೆ ಕಿರುಚಿದ.

ಯಂತ್ರವೂ ಅಷ್ಟೇ ಜೋರಾಗಿ ಒದರಿತು: “ಡೈರೆಕ್ಟ್ರು ಇನ್ನೂ ಆ್ಯಕ್ಷನ್ ಅಂದೇ ಇಲ್ವಲ್ಲಮ್ಮಾ!”