ಕೋಚಿಂಗಿನ ಕೆಂಪು

"ಇದೇನ್ರಿ ಮೇಡಂ, ರಂಗೋಲಿ ಏನು?" ಎಂದು ಕಬಡ್ಡಿ ಆಯ್ಕೆಗಾರ ಬಸವೇಶ ನಕ್ಕ.

ಜಿಲ್ಲಾ ಕಬಡ್ಡಿ ಸಮಿತಿ ಸಭೆಯ ಪರದೆಯ ಮೇಲಿದ್ದುದು ತನುಜಾ ಮಾಡಿದ ಮೊಸಾಯಿಕ್ ನಕ್ಷೆ, ಅಂಕಿ-ಅಂಶಗಳನ್ನು ಬಣ್ಣದ ಪಟ್ಟಿಗಳಲ್ಲಿ ತೋರಿಸುವ ಚಿತ್ರ. ಆಯ್ಕೆಗೆ ಹೆಚ್ಚು ಹುಡುಗಿಯರು ಬಂದ ತಾಲೂಕಿಗೆ ಅಗಲದ ಪಟ್ಟಿ, ತಂಡ ಸೇರಿದವರ ಪಾಲಿಗೆ ಕೆಂಪು ಬಣ್ಣ. ಕಾಲೇಜಿನಲ್ಲಿದ್ದಾಗ ಆಕೆಯನ್ನು ತಂಡದಿಂದ ಕೈಬಿಟ್ಟವನು ಇದೇ ಬಸವೇಶ. ಈಗ ಆಕೆ ಸಂಖ್ಯಾಶಾಸ್ತ್ರದ ಉಪನ್ಯಾಸಕಿ.

"ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಾ ಕಡೆ ಒಂದ ಕಥಿ ಐತ್ರಿ," ಎಂದಳು ತನುಜಾ. "ಪ್ರತಿ ಪಟ್ಟಿ ಎರಡು ಭಾಗ ಮಾಡೇನಿ. ಈ ಬಸವೇಶ ಸರ್ ರೊಕ್ಕ ತಗೊಂಡು ನಡೆಸೋ ಕೋಚಿಂಗಿಗೆ ಹೋದವರ ಭಾಗ ಪೂರಾ ಕೆಂಪು. ಹೋಗದವರದ್ದು ಬರೇ ಬಿಳಿ."

"ಹೌದೇನ್ರಿ?" ಎಂದು ಅಧ್ಯಕ್ಷೆ ರಂಜನಾ ಬಸವೇಶನತ್ತ ತಿರುಗಿದರು. ಅವನು ಪರದೆಯಿಂದ ಕಣ್ಣು ತಪ್ಪಿಸಿದ. "ಹಂಗಾರ ಇನ್ನ ಮ್ಯಾಲ ಆಯ್ಕೆ ನೀವು ಮಾಡೂದು ಬ್ಯಾಡ."

"ಅದನ್ನ ಬಂದ್ ಮಾಡ್ರಿ," ಎಂದು ಬಸವೇಶ ತನುಜಾಳಿಗೆ ಗೊಣಗಿದ.

ಆಕೆ ರಿಮೋಟನ್ನು ಮೇಜಿನ ಮೇಲೆ ಬೋರಲು ಹಾಕಿದಳು. "ಇರಲಿ ಬಿಡ್ರಿ ಸರ್. ಎಲ್ಲಾರೂ ಕಣ್ಣುತುಂಬ ನೋಡ್ಲಿ."